ಆಟದ ಕಂಪ್ಯೂಟರು ಹಳತಾದರೆ ಎಸೆಯಬೇಕೆ?

ಮಳೆಗಾಲ ಹಿಡಿಯುವ ಮೊದಲು ಮಲೆನಾಡಿನ ಮನೆಗಳಲ್ಲಿ ಒಡೆದ ಹೆಂಚುಗಳನ್ನು ಬದಲಿಸುತ್ತಾರೆ. ಮಾಡು ಸೋರಿತೆಂದು ಮನೆಯನ್ನೇ ಕೆಡವಿದವರಿಲ್ಲ. ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪಿನ ವಾಷರು ಸವೆದರೆ ಪೇಟೆಯಿಂದ ತರುವುದು ವಾಷರನ್ನೇ ಹೊರತು ಹೊಸ ಪಂಪನ್ನಲ್ಲ. ಕೆಟ್ಟದ್ದನ್ನು ಗುರುತಿಸಿ, ಅಷ್ಟನ್ನೇ ಬದಲಿಸಿ, ಉಳಿದದ್ದನ್ನು ಕಾಪಾಡಿಕೊಳ್ಳುವುದು ಗುಡ್ಡಗಾಡಿನ ಬದುಕು ಕಲಿಸಿದ ಹಳೆಯ ಪಾಠ. ಆದರೆ ಅದೇ ಮನೆಯ ಮೂಲೆಯ ಮೇಜಿನ ಮೇಲಿರುವ ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಈ ಪಾಠ ಮರೆತುಹೋಗುತ್ತದೆ. ಏಳೆಂಟು ವರ್ಷಗಳ ಹಿಂದೆ ಕಾಲೇಜು ಸೇರಿದ ಹಿರಿಯ ಮಗ ಆಸೆಪಟ್ಟು ಕೊಂಡ ಆಟದ ಕಂಪ್ಯೂಟರು ಈಗ ಕಿರಿಯರ ಕೈಗೆ ಬಂದಿರುತ್ತದೆ. ಹೊಸ ಆಟಗಳನ್ನು ಎಳೆಯಲಾರದೆ ಅದು ಏದುಸಿರು ಬಿಡುತ್ತದೆ. ಅದಕ್ಕಾಗಿ ಮನೆಯಲ್ಲಿ ಎತ್ತಿಡಬಹುದಾದ ಹಣ ಎಂಟೋ ಹತ್ತೋ ಸಾವಿರ. ಅಂಗಡಿಯಲ್ಲಿ ಸಿಗುವ ಸಲಹೆ ಮಾತ್ರ ಒಂದೇ: ಇದು ಹಳತಾಯಿತು, ಹೊಸದನ್ನೇ ಕೊಳ್ಳಿ.

ಈ ಸಲಹೆ ಜೇಬಿಗೂ ಒಳ್ಳೆಯದಲ್ಲ, ನೆಲಕ್ಕೂ ಒಳ್ಳೆಯದಲ್ಲ. ಹಣ ಕಡಿಮೆಯಿರುವವರು ಅನಿವಾರ್ಯವಾಗಿ ಹಿಡಿಯುವ ದಾರಿ, ಅಂದರೆ ಇರುವ ಯಂತ್ರವನ್ನೇ ಒಂದೊಂದು ಭಾಗವಾಗಿ ಬಲಪಡಿಸಿಕೊಳ್ಳುವ ದಾರಿ, ಪರಿಸರದ ದೃಷ್ಟಿಯಿಂದಲೂ ಸರಿಯಾದ ದಾರಿ. ಬಡತನದ ರಾಜಿ ಎಂದು ಅದನ್ನು ಕೀಳಾಗಿ ಕಾಣಬೇಕಿಲ್ಲ.

ಯಂತ್ರದ ಬೆನ್ನ ಹಿಂದಿನ ಭಾರ

ಒಂದು ಕಂಪ್ಯೂಟರು ಮನೆಗೆ ಬರುವ ಮೊದಲೇ ಭೂಮಿಯಿಂದ ಬಹಳಷ್ಟನ್ನು ಪಡೆದಿರುತ್ತದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ತಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಕಾಲದ ಒಂದು ಮೇಜು ಕಂಪ್ಯೂಟರು ಮತ್ತು 17 ಇಂಚಿನ ಗಾಜಿನ ಪರದೆಯ ತಯಾರಿಕೆಗೆ ಕನಿಷ್ಠ 240 ಕಿಲೋ ಕಲ್ಲಿದ್ದಲು–ತೈಲದಂತಹ ಇಂಧನ, 22 ಕಿಲೋ ರಾಸಾಯನಿಕಗಳು ಹಾಗೂ 1,500 ಕಿಲೋ ನೀರು ಬೇಕಾಗುತ್ತಿತ್ತು. ಅಂದಿನ ದಪ್ಪ ಪರದೆಗಳು ಈಗಿಲ್ಲ, ಲೆಕ್ಕ ಬದಲಾಗಿರಬಹುದು. ತತ್ತ್ವ ಬದಲಾಗಿಲ್ಲ. ಚಿಪ್ಪು ಎಷ್ಟು ಸಣ್ಣದೋ ಅದನ್ನು ಶುದ್ಧ ಕೋಣೆಗಳಲ್ಲಿ ಕೆತ್ತುವ ಕೆಲಸ ಅಷ್ಟೇ ನೀರು, ವಿದ್ಯುತ್ತು, ರಾಸಾಯನಿಕಗಳನ್ನು ಬೇಡುತ್ತದೆ. ಅದರೊಳಗಿನ ತಾಮ್ರ, ತವರ, ಚಿನ್ನ ಯಾವುದೋ ನಾಡಿನ ಗುಡ್ಡವನ್ನು ಬಗೆದೇ ಬಂದಿರುತ್ತವೆ. ಗುಡ್ಡ ಬಗೆದರೆ ಹೊಳೆಗೆ ಏನಾಗುತ್ತದೆಂದು ಸಹ್ಯಾದ್ರಿಯ ಜನರಿಗೆ ಹೇಳಬೇಕಿಲ್ಲ. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಬಳಿಕ 2005ರ ಕೊನೆಗೆ ನಿಂತ ಕುದುರೆಮುಖದ ಅದಿರು ಗಣಿಗಾರಿಕೆ ಭದ್ರೆಗೆ ಏನು ಮಾಡಿತೆಂಬುದು ಇನ್ನೂ ನೆನಪಿನಲ್ಲಿದೆ.

ಯಂತ್ರ ಮನೆಯಿಂದ ಹೊರಟ ಮೇಲಿನ ಕತೆಯೂ ಇಷ್ಟೇ ಕಹಿಯಾದುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಜಾಗತಿಕ ವರದಿಯಂತೆ 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾಗಿರುವುದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಗುಂಡಿಗೆ, ಬೆಂಕಿಗೆ, ಇಲ್ಲವೆ ದಿಲ್ಲಿಯ ಸೀಲಂಪುರದಂತಹ ಬಡಾವಣೆಗಳ ಬರಿಗೈ ದುಡಿಮೆಗೆ. ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಸುಟ್ಟು ತಾಮ್ರ ತೆಗೆಯುವಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಚಿನ್ನಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿದ ನೀರು ಚರಂಡಿಗೆ ಸೇರುತ್ತದೆ. ಇಷ್ಟನ್ನೂ ಬಲ್ಲವರು ಹಳೆಯ ಯಂತ್ರವನ್ನು ಇನ್ನೊಂದು ಐದು ವರ್ಷ ದುಡಿಸುವುದನ್ನು ಜಿಪುಣತನವೆನ್ನಲಾರರು.

ಮೊದಲು ರೋಗ, ಆಮೇಲೆ ಮದ್ದು

ಹಳೆಯ ಯಂತ್ರವನ್ನು ಬಲಪಡಿಸುವುದೆಂದರೆ ಕಂಡ ಭಾಗಗಳನ್ನೆಲ್ಲ ಕೊಳ್ಳುವುದಲ್ಲ. ಹಣ ಕಡಿಮೆಯಿದ್ದಾಗ ಒಂದು ತಪ್ಪು ಖರೀದಿಯೂ ಭಾರವಾಗುತ್ತದೆ. ಆದ್ದರಿಂದ ಮೊದಲ ಕೆಲಸ ಖರ್ಚಿಲ್ಲದ ಕೆಲಸ: ಪೆಟ್ಟಿಗೆ ಬಿಚ್ಚಿ ಧೂಳು ತೆಗೆಯುವುದು. ಶಾಖ ಹೊರಹಾಕುವ ರೆಕ್ಕೆಗಳ ನಡುವೆ ಧೂಳು ಕಟ್ಟಿದರೆ ಪ್ರೊಸೆಸರು ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪ್ರೊಸೆಸರಿಗೂ ಅದರ ಫ್ಯಾನಿನ ತಳಕ್ಕೂ ನಡುವೆ ಹಚ್ಚಿದ ಶಾಖವಾಹಕ ಲೇಪ ಏಳೆಂಟು ವರ್ಷದಲ್ಲಿ ಒಣಗಿ ಹೋಗಿರುತ್ತದೆ. ಹೊಸ ಲೇಪಕ್ಕೆ ಕೆಲವು ನೂರು ರೂಪಾಯಿ ಸಾಕು. ಎಷ್ಟೋ ಯಂತ್ರಗಳ ವೃದ್ಧಾಪ್ಯ ಇಷ್ಟರಲ್ಲೇ ಅರ್ಧ ಕಳೆಯುತ್ತದೆ.

ಎರಡನೆಯದು, ಆಟ ನಡೆಯುತ್ತಿರುವಾಗ ಎಲ್ಲಿ ತಡೆಯಾಗುತ್ತಿದೆಯೆಂದು ನೋಡುವುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿಯೇ ಇದನ್ನು ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡು ನೂರಕ್ಕೆ ನೂರು ದುಡಿಯುತ್ತಿದ್ದರೆ ಕೊರತೆ ಅಲ್ಲಿದೆ. ಅದು ಬಿಡುವಾಗಿದ್ದು ಪ್ರೊಸೆಸರು ತುಂಬಿ ತುಳುಕುತ್ತಿದ್ದರೆ ಹೊಸ ಗ್ರಾಫಿಕ್ಸ್ ಕಾರ್ಡು ಕೊಂಡು ಪ್ರಯೋಜನವಿಲ್ಲ. ಮೆಮೊರಿ ತುಂಬಿ ಹಾರ್ಡ್ ಡಿಸ್ಕು ಒಂದೇ ಸಮನೆ ಕರಕರ ಎನ್ನುತ್ತಿದ್ದರೆ ಅದರ ಮದ್ದೇ ಬೇರೆ.

ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

ಇಲ್ಲಿ ಪಾಲಿಸಬೇಕಾದ ಸೂತ್ರವೊಂದಿದೆ. ಮುಂದೊಂದು ದಿನ ಬರಬಹುದಾದ ಇನ್ನೊಂದು ಯಂತ್ರಕ್ಕೂ ಜೊತೆಯಲ್ಲಿ ಹೋಗಬಲ್ಲ ಭಾಗಗಳಿಗೆ ಹೊಸ ಹಣ ಹಾಕಬೇಕು. ಹಳೆಯ ಮದರ್‌ಬೋರ್ಡಿಗೇ ಅಂಟಿಕೊಂಡು ಅದರೊಂದಿಗೇ ಮುಗಿಯುವ ಭಾಗಗಳನ್ನು ಬಳಸಿದ್ದನ್ನೇ ಹುಡುಕಿ ತರಬೇಕು.

ಈ ಸೂತ್ರದಂತೆ ಮೊದಲ ಸ್ಥಾನ ಎಸ್‌ಎಸ್‌ಡಿ ಎಂಬ ಚಲನೆಯಿಲ್ಲದ ಸಂಗ್ರಹಕ್ಕೆ. ತಿರುಗುವ ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರರಿಂದ ನೂರೈವತ್ತು ಮೆಗಾಬೈಟ್ ಓದಿದರೆ, ಅದೇ ಸಾಟಾ ಕೇಬಲ್ಲಿಗೆ ಸಿಕ್ಕಿಸಿದ ಎಸ್‌ಎಸ್‌ಡಿ ಐನೂರರ ಆಸುಪಾಸಿನಲ್ಲಿ ಓದುತ್ತದೆ. ಹಳೆಯ ಡಿಸ್ಕನ್ನು ಎಸೆಯಬೇಕಿಲ್ಲ. ಚಿತ್ರ, ಹಾಡು, ಪಾಠದ ಕಡತಗಳಿಗೆ ಅದು ಈಗಲೂ ಉಗ್ರಾಣ.

ಮೆಮೊರಿಯ ವಿಷಯದಲ್ಲಿ ಎಚ್ಚರ ಬೇಕು. ಡಿಡಿಆರ್-3, ಡಿಡಿಆರ್-4, ಡಿಡಿಆರ್-5 ತಲೆಮಾರುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 8 ಗಿಗಾಬೈಟಿನಿಂದ 16ಕ್ಕೆ ಏರಿಸುವುದಾದರೆ ಜೋಡಿಯಾಗಿ ಹಾಕಿದಾಗ ವೇಗ ಹೆಚ್ಚು. 2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದರಿಂದ ಸಾಮಾನ್ಯ ಬಳಕೆದಾರರ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಪರೀಕ್ಷಿಸಿ ಕೊಳ್ಳುವ ಹಳೆಯ ಮೆಮೊರಿ ಪಟ್ಟಿಗೆ ಇದರಿಂದ ಹೊಸ ಬೆಲೆ ಬಂದಿದೆ.

ಗ್ರಾಫಿಕ್ಸ್ ಕಾರ್ಡು ಆಟದ ಯಂತ್ರದ ಹೃದಯ. ಹಣದ ದೊಡ್ಡ ಪಾಲು ಹೋಗುವುದೂ ಅಲ್ಲಿಗೇ. ಹಳೆಯ ಕಾರ್ಡು ಕೊಳ್ಳುವವರು ಒಂದು ಸಂಗತಿ ತಿಳಿದಿರಬೇಕು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ 2022ರ ಸೆಪ್ಟೆಂಬರಿನಲ್ಲಿ ತನ್ನ ಪದ್ಧತಿ ಬದಲಿಸಿದಾಗ, ಅದಕ್ಕಾಗಿ ಹಗಲಿರುಳು ದುಡಿದಿದ್ದ ಅಸಂಖ್ಯ ಕಾರ್ಡುಗಳು ಹಳೆಯ ಸಾಮಾನಿನ ಪೇಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಫ್ಯಾನು ಸವೆದಿದೆಯೇ, ಅರ್ಧ ಗಂಟೆ ಆಟ ಆಡಿಸಿದರೆ ಶಾಖ ಎಷ್ಟೇರುತ್ತದೆ ಎಂದು ಕಣ್ಣಾರೆ ನೋಡದೆ ಹಣ ಕೊಡಬಾರದು, ಅಷ್ಟೆ.

ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಒಳಗಾಗುವ ಭಾಗ ಪವರ್ ಸಪ್ಲೈ. ಅಗ್ಗದ, ಹಗುರವಾದ, ಹೆಸರಿಲ್ಲದ ಪೆಟ್ಟಿಗೆಯ ಮೇಲೆ 500 ವ್ಯಾಟ್ ಎಂದು ಬರೆದಿದ್ದರೂ ಅದು ಅಷ್ಟನ್ನು ಕೊಡಲಾರದು. ಕೆಡುವಾಗ ಜೊತೆಗೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಉಳಿತಾಯ ಮಾಡಬಾರದ ಜಾಗವೊಂದಿದ್ದರೆ ಅದು ಇದೇ. ಹತ್ತು ಸಾವಿರ ರೂಪಾಯಿಯಲ್ಲಿ ಒಳ್ಳೆಯ ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿ ಈ ವರ್ಷ, ಗ್ರಾಫಿಕ್ಸ್ ಕಾರ್ಡು ಮುಂದಿನ ಅಡಿಕೆ ಕೊಯ್ಲಿಗೆ ಎಂಬ ತಾಳ್ಮೆಯೇ ಜಾಣತನ.

ಬೆಟ್ಟದ ಊರುಗಳಿಗೆ ಇನ್ನೆರಡು ಮಾತು ಅಗತ್ಯ. ಮುಂಗಾರಿಗೆ ಮುನ್ನ ಮತ್ತು ಹಿಂಗಾರಿನಲ್ಲಿ ಸಿಡಿಲು ಬಡಿಯುವ ದಿನಗಳಲ್ಲಿ ಗುಂಡಿ ಆರಿಸಿದರೆ ಸಾಲದು. ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಬೇಕು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ವೈರ್‌ಮನ್‌ನಿಂದ ನೋಡಿಸಬೇಕು. ಪೇಟೆಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್‌ನಷ್ಟು ಭಾರ ಮಾತ್ರ ಹೊರುತ್ತದೆ. ಹೊಟ್ಟೆಬಾಕ ಕಾರ್ಡು ಕೊಂಡರೆ ಯುಪಿಎಸ್ಸನ್ನೂ ಬದಲಿಸಬೇಕಾಗುತ್ತದೆ. 180 ವ್ಯಾಟ್ ಎಳೆಯುವ ಕಾರ್ಡಿನ ಬದಲು 75 ವ್ಯಾಟ್ ಎಳೆಯುವ ಕಾರ್ಡು ದಿನಕ್ಕೆ ಮೂರು ಗಂಟೆ ದುಡಿದರೆ ತಿಂಗಳಿಗೆ ಸುಮಾರು ಒಂಬತ್ತೂವರೆ ಯೂನಿಟ್ ವಿದ್ಯುತ್ತು ಉಳಿಯುತ್ತದೆ. ಆ ವಿದ್ಯುತ್ತಿಗಾಗಿ ಶರಾವತಿ ಕಣಿವೆ ತೆತ್ತ ಬೆಲೆ ಬಲ್ಲವರಿಗೆ ಇದು ಸಣ್ಣ ಲೆಕ್ಕವಲ್ಲ.

ಸಾಕೆಟ್ಟಿನ ರಾಜಕಾರಣ

ಇಷ್ಟೆಲ್ಲ ಬಳಕೆದಾರರ ಕೈಯಲ್ಲಿರುವ ಮಾತಾಯಿತು. ಆದರೆ ಒಂದು ಯಂತ್ರ ಎಷ್ಟು ಕಾಲ ಬಾಳಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಬೇರೆಯೇ ಇದ್ದಾರೆ. ಪ್ರೊಸೆಸರು ಕೂರುವ ಸಾಕೆಟ್ಟನ್ನೇ ನೋಡಬಹುದು. ಇಂಟೆಲ್ ಕಂಪನಿ 2017ರಲ್ಲಿ ತನ್ನ ಎಂಟನೆಯ ತಲೆಮಾರಿನ ಮೇಜು ಪ್ರೊಸೆಸರುಗಳನ್ನು ತಂದಾಗ ಸಾಕೆಟ್ಟಿನ ಆಕಾರ ಹಿಂದಿನದೇ ಆಗಿತ್ತು. ಆದರೂ ಹಿಂದಿನ ಬೋರ್ಡುಗಳಿಗೆ ಅವನ್ನು ಅಧಿಕೃತವಾಗಿ ಒಗ್ಗಿಸಲಿಲ್ಲ. ಪ್ರೊಸೆಸರು ಬದಲಿಸಬೇಕಾದರೆ ಸುಸ್ಥಿತಿಯಲ್ಲಿದ್ದ ಬೋರ್ಡೂ ಮೂಲೆ ಸೇರಬೇಕಾಯಿತು.

ಅದೇ 2017ರ ಮಾರ್ಚ್‌ನಲ್ಲಿ ಎಎಂಡಿ ಕಂಪನಿ ಎಎಂ-4 ಎಂಬ ಸಾಕೆಟ್ಟಿನಲ್ಲಿ ರೈಜೆನ್ ಪ್ರೊಸೆಸರುಗಳನ್ನು ತಂದಿತು. 2020ರಲ್ಲಿ ಹೊಸ ತಲೆಮಾರು ಬರುವ ಹೊತ್ತಿಗೆ ಹಳೆಯ ಬೋರ್ಡುಗಳನ್ನು ಕೈಬಿಡುವುದಾಗಿ ಅದೂ ಪ್ರಕಟಿಸಿತ್ತು. ಬಳಕೆದಾರರು ಪ್ರತಿಭಟಿಸಿದರು. ಕಂಪನಿ ಹಿಂದೆ ಸರಿಯಿತು. ಮೊದಲು 400 ಸರಣಿಯ ಬೋರ್ಡುಗಳಿಗೆ, 2022ರಲ್ಲಿ ಎಲ್ಲಕ್ಕಿಂತ ಹಳೆಯ 300 ಸರಣಿಗೂ ಬೆಂಬಲ ಕೊಟ್ಟಿತು. ಇದರ ಫಲವಾಗಿ 2017ರ ಬಿ-350 ಬೋರ್ಡಿನಲ್ಲಿ, ಬಯಾಸ್ ಎಂಬ ಮೂಲ ತಂತ್ರಾಂಶವನ್ನು ನವೀಕರಿಸಿದರೆ, 2022ರ ರೈಜೆನ್ 5 5600 ಪ್ರೊಸೆಸರನ್ನು ಕೂರಿಸಬಹುದು. ಪೆಟ್ಟಿಗೆ, ಬೋರ್ಡು, ಮೆಮೊರಿ, ಡಿಸ್ಕು ಎಲ್ಲವೂ ಹಳೆಯವೇ. ಯಂತ್ರ ಮಾತ್ರ ಐದು ವರ್ಷ ಕಿರಿದಾಗುತ್ತದೆ. ಈ ನವೀಕರಣವನ್ನು ಹಳೆಯ ಪ್ರೊಸೆಸರು ಇರುವಾಗಲೇ ಮಾಡಬೇಕು. ನಡುವೆ ಕರೆಂಟು ಹೋದರೆ ಬೋರ್ಡು ಶಾಶ್ವತವಾಗಿ ಮಲಗಬಹುದಾದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ತಂತ್ರಾಂಶದ ಕತೆಯೂ ಹೀಗೆಯೇ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಸುರಕ್ಷತಾ ನವೀಕರಣಗಳ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳಿಗೂ ಮೊದಲ ರೈಜೆನ್‌ಗಳಿಗೂ ಸ್ಥಾನವಿಲ್ಲ. ಎನ್‌ವಿಡಿಯಾ ಕೂಡ ಜಿಟಿಎಕ್ಸ್ 1050 ಟಿಐ, 1060ರಂತಹ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರಿಗೆ ಮುಗಿಸಿ, ಸುರಕ್ಷತಾ ನವೀಕರಣಗಳನ್ನಷ್ಟೇ 2028ರವರೆಗೆ ಕೊಡುವುದಾಗಿ ಹೇಳಿತು. ಯಂತ್ರ ಸತ್ತಿಲ್ಲ, ಅದಕ್ಕೆ ಮರಣಪತ್ರ ಮಾತ್ರ ಸಿದ್ಧವಾಗಿದೆ.

ಇದಕ್ಕೂ ದಾರಿಗಳಿವೆ. ಮೇಲೆ ಹೇಳಿದಂತೆ ಪ್ರೊಸೆಸರು ಬದಲಿಸಿದ ಎಎಂ-4 ಯಂತ್ರ ಸೂಕ್ತ ಸೆಟ್ಟಿಂಗ್‌ಗಳೊಂದಿಗೆ ವಿಂಡೋಸ್ 11ರ ಅರ್ಹತೆ ಪಡೆಯುತ್ತದೆ. ಇನ್ನೊಂದು ದಾರಿ ಲಿನಕ್ಸ್. ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್ ಎಂಬ ತಂತ್ರಾಂಶದಿಂದ ವಿಂಡೋಸ್‌ಗೆಂದು ಬರೆದ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲೂ ನಡೆಯುತ್ತವೆ. ಮೋಸ ತಡೆಯುವ ತಂತ್ರಾಂಶವನ್ನು ಕಡ್ಡಾಯ ಮಾಡಿರುವ ಕೆಲವು ಅಂತರ್ಜಾಲ ಆಟಗಳು ಮಾತ್ರ ನಡೆಯುವುದಿಲ್ಲ. ಯಾವ ಆಟ ಬೇಕೆಂಬುದನ್ನು ನೋಡಿಯೇ ನಿರ್ಧರಿಸಬೇಕು.

ಆಟಕ್ಕೆ ಇಷ್ಟು ರಗಳೆ ಏಕೆ?

ಆಟವೇ ಕಾಲಹರಣ, ಅದರ ಯಂತ್ರಕ್ಕೆ ಇಷ್ಟು ಚಿಂತನೆ ಏಕೆ ಎಂದು ಹಿರಿಯರು ಕೇಳಬಹುದು. ಆದರೆ ಹಳ್ಳಿಯ ಮನೆಯಲ್ಲಿ ಆಟಕ್ಕೊಂದು, ಓದಿಗೊಂದು ಎಂದು ಎರಡು ಯಂತ್ರಗಳಿರುವುದಿಲ್ಲ. ಅದೇ ಯಂತ್ರದಲ್ಲಿ ಪ್ರಾಜೆಕ್ಟ್ ವರದಿ ತಯಾರಾಗುತ್ತದೆ, ನಕ್ಷೆ ಬಿಡಿಸಲಾಗುತ್ತದೆ, ಕೆಲಸಕ್ಕೆ ಅರ್ಜಿ ಹೋಗುತ್ತದೆ. ಅದನ್ನು ಬಿಚ್ಚಿ ಕಟ್ಟಿದ ಹುಡುಗ ಅಥವಾ ಹುಡುಗಿ ಕಲಿಯುವ ವಿದ್ಯೆಯೂ ಚಿಕ್ಕದಲ್ಲ. ಹಾಗೆಂದು ಪ್ರತಿಯೊಂದು ಯಂತ್ರವನ್ನೂ ಉಳಿಸಲೇಬೇಕೆಂಬ ಹಠ ಸಲ್ಲದು. ಡಿಡಿಆರ್-3 ಕಾಲದ ಬೋರ್ಡಿಗೆ ಎಸ್‌ಎಸ್‌ಡಿ ಹಾಕಿ ಹಳೆಯ ಆಟಗಳಿಗೂ ಓದಿಗೂ ಬಳಸಬಹುದು; ಅದಕ್ಕೆ ದುಬಾರಿ ಪ್ರೊಸೆಸರು ಹುಡುಕುವುದು ನಷ್ಟ.

ಕೊನೆಗೂ ಉಳಿಯುವ ಕಸಕ್ಕೆ ಕಾನೂನಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸುತ್ತವೆ. ದುರಸ್ತಿ ಮಾಡಿ ಮರಳಿ ಮಾರುವವರಿಗೂ ಮರುಬಳಕೆ ಮಾಡುವವರಿಗೂ ನೋಂದಣಿ ಕಡ್ಡಾಯಗೊಳಿಸುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವನ್ನೂ ತೆರೆಯಿತು. ಆದರೆ ನಿಯಮದ ಕೈ ಘಟ್ಟದ ಹಳ್ಳಿಯವರೆಗೆ ತಾನಾಗಿ ಚಾಚುವುದಿಲ್ಲ. ಗ್ರಾಮ ಪಂಚಾಯತಿಗಳು ವರ್ಷಕ್ಕೆರಡು ದಿನ ಇ-ತ್ಯಾಜ್ಯ ಸಂಗ್ರಹಿಸಿ ನೋಂದಾಯಿತ ಘಟಕಕ್ಕೆ ಕಳಿಸುವ ಏರ್ಪಾಡು ಮಾಡಲಿ. ಕಾಲೇಜುಗಳು ಒಂದು ಕಪಾಟನ್ನು ಹಳೆಯ ಬಿಡಿಭಾಗಗಳಿಗೆ ಮೀಸಲಿಡಲಿ. ಒಬ್ಬರಿಗೆ ಬೇಡವಾದ ಮೆಮೊರಿ ಇನ್ನೊಬ್ಬರ ಯಂತ್ರಕ್ಕೆ ಜೀವವಾಗಲಿ. ಸಾಕೆಟ್ಟು ಎಷ್ಟು ವರ್ಷ ಬಾಳುತ್ತದೆ, ತಂತ್ರಾಂಶ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಬೇಕೆಂದು ಸರಕಾರ ಕಂಪನಿಗಳಿಗೆ ಕಟ್ಟಪ್ಪಣೆ ಮಾಡಲಿ.

2020ರಲ್ಲಿ ಒಂದು ಕಂಪನಿಯ ನಿರ್ಧಾರವನ್ನು ಬದಲಿಸಿದ್ದು ಸರಕಾರವಲ್ಲ, ತಮ್ಮ ಬೋರ್ಡುಗಳನ್ನು ಎಸೆಯಲೊಪ್ಪದ ಬಳಕೆದಾರರು. ಹೊಸದನ್ನು ಕೊಳ್ಳಿ ಎನ್ನುವ ಅಂಗಡಿಯವರನ್ನು ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ ಬಗೆಯದು: ಇದರಲ್ಲಿ ಕೆಟ್ಟಿರುವುದು ಯಾವ ಭಾಗ?