ಹಿಡಿಯೋದು ಸರಿ, ಬಿಡಿಸೋದು ಯಾರು?

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನಮ್ಮ ಕಡೆಯವರಿಗೆ ಬೇಗ ಹೊಳೆಯೋದು ಅಡಿಕೆ ಸಿಪ್ಪೆ. ರಸ್ತೆ ಬದಿಯಲ್ಲೇ ರಾಶಿ ಬಿದ್ದಿರುತ್ತೆ, ದುಡ್ಡು ಕೊಡಬೇಕಿಲ್ಲ. ಸುಟ್ಟು ಇದ್ದಿಲು ಮಾಡಿ, ಆಕ್ಟಿವೇಟ್ ಮಾಡಿ, ಮೆಥಿಲೀನ್ ಬ್ಲೂ ಕರಗಿಸಿದ ನೀರಿಗೆ ಹಾಕಿದರೆ ನೀಲಿ ಬಣ್ಣ ಮಾಯ! ಫೋಟೋ ಚೆನ್ನಾಗಿ ಬರುತ್ತೆ, ಮಾರ್ಕ್ಸೂ ಬರುತ್ತೆ. ಆದರೆ ನನ್ನ ಪ್ರಕಾರ ಅಲ್ಲಿಗೆ ಮುಗಿದಿರೋದು ಅರ್ಧ ಕೆಲಸ ಮಾತ್ರ.

ಇದಕ್ಕೆ ಅಡ್ಸಾರ್ಪ್ಶನ್ ಅಂತಾರೆ. ಸ್ಪಂಜು ನೀರು ಹೀರಿದ ಹಾಗಲ್ಲ. ಇಲ್ಲಿ ಅಣುಗಳು ಮೇಲ್ಮೈಗೆ ಅಂಟಿ ಕೂರುತ್ತವೆ. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್‌ನ ಒಂದು ಗ್ರಾಮಿನಲ್ಲಿ, ಒಳಗಿನ ಸಣ್ಣ ಸಣ್ಣ ರಂಧ್ರಗಳ ಗೋಡೆಯನ್ನೆಲ್ಲ ಸೇರಿಸಿದರೆ, ಸುಮಾರು 1000 ಚದರ ಮೀಟರ್ ಜಾಗ ಇರುತ್ತೆ. ನಮ್ಮ ಲೆಕ್ಕದಲ್ಲಿ 10 ಗುಂಟೆ. ಒಂದು ಚಿಟಿಕೆ ಪುಡಿಯಲ್ಲಿ ಕಾಲು ಎಕರೆ ತೋಟ! ಆದರೆ ಆ ತೋಟವೂ ಒಂದು ದಿನ ತುಂಬುತ್ತೆ. ಆಮೇಲೆ? ಅಂಟಿಕೊಂಡ ಬಣ್ಣ ನಾಶವಾಗಿರಲ್ಲ, ಜಾಗ ಬದಲಿಸಿರುತ್ತೆ ಅಷ್ಟೆ.

ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹಳೆಯ ಕಾಟ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟುವಂತಿಲ್ಲ. ಫ್ಲೋರೈಡ್ ಹಿಡಿಯುವ ವಸ್ತುಗಳಲ್ಲಿ ಆಕ್ಟಿವೇಟೆಡ್ ಅಲ್ಯುಮಿನಾ ಒಂದು. ಅದು ತುಂಬಿದ ಮೇಲೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು ಮತ್ತೆ ಬಳಸಬಹುದು. ಆದರೆ ತೊಳೆದ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತೆ. ಅದನ್ನು ಚರಂಡಿಗೆ ಚೆಲ್ಲಿದರೆ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ.

2025ರ ರಸಾಯನಶಾಸ್ತ್ರ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಒಮರ್ ಯಾಘಿ ಅವರ ಕೆಲಸ ನೋಡಿ. ಅವರ ತಂಡದ ಲೋಹ-ಸಾವಯವ ಜಾಲರಿಯಂಥ ವಸ್ತು ಮರುಭೂಮಿಯ ಗಾಳಿಯಿಂದ ರಾತ್ರಿ ತೇವ ಹಿಡಿಯುತ್ತೆ, ಬೆಳಗ್ಗೆ ಬಿಸಿಲು ಬಿದ್ದರೆ ಬಿಟ್ಟುಕೊಡುತ್ತೆ. ಹಿಡಿದು ಬಿಡದೇ ಹೋಗಿದ್ದರೆ ಒಂದು ತೊಟ್ಟು ನೀರೂ ಸಿಗ್ತಿರಲಿಲ್ಲ.

ಈಗ ನಮ್ಮ ಮಾಚೇನಹಳ್ಳಿಗೆ ಬನ್ನಿ. ಶಿವಮೊಗ್ಗ, ಭದ್ರಾವತಿ ನಡುವಿನ ಈ ಕೈಗಾರಿಕಾ ಪ್ರದೇಶದ ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ. ಎರಡೂ ಕೂಡ್ಲಿಯಲ್ಲಿ ಸೇರುತ್ತವೆ. ಇಲ್ಲಿ ಡೈರಿ ಇದೆ, ಗಾರ್ಮೆಂಟ್ಸ್ ಇದೆ, ಫೌಂಡ್ರಿಗಳಿವೆ. ಯಾವ ಕಾರ್ಖಾನೆಯ ತ್ಯಾಜ್ಯ ನೀರೂ ಲ್ಯಾಬಿನ ನೀಲಿ ನೀರಿನಷ್ಟು ಸಾಧು ಅಲ್ಲ. ಜಿಡ್ಡು, ಸೋಪು, ಉಪ್ಪು ಎಲ್ಲವೂ ಅದೇ 10 ಗುಂಟೆಗೆ ಜಗಳ ಆಡುತ್ತವೆ. ಬರೀ ಬಣ್ಣದ ನೀರಿನಲ್ಲಿ ಗೆದ್ದ ಇದ್ದಿಲು ಅಲ್ಲಿ ಸೋಲಬಹುದು.

ಅದಕ್ಕೇ ನನ್ನ ಸಲಹೆ ಇಷ್ಟು. ಇಂಥ ಪ್ರಾಜೆಕ್ಟಿನ ವೈವಾದಲ್ಲಿ ಮೂರು ಪ್ರಶ್ನೆ ಕೇಳಲೇಬೇಕು. ನಿಜವಾದ ತ್ಯಾಜ್ಯ ನೀರಿನಲ್ಲಿ ಪರೀಕ್ಷೆ ಮಾಡಿದ್ರಾ? ಎಷ್ಟು ಸಲ ತೊಳೆದು ಮತ್ತೆ ಬಳಸಬಹುದು? ಕೊನೆಗೆ ಆ ಪುಡಿ, ಆಕ್ಟಿವೇಟ್ ಮಾಡುವಾಗ ತೊಳೆದ ಆಸಿಡ್ ನೀರು ಎರಡೂ ಎಲ್ಲಿಗೆ ಹೋದವು?

ಒಂದು ಸೆಮಿಸ್ಟರಿನಲ್ಲಿ ಇಷ್ಟೆಲ್ಲ ಆಗಲ್ಲ ಅಂತೀರಾ? ಒಪ್ಪಿದೆ. ಹಾಗಾದರೆ ಈ ವರ್ಷದ ಬ್ಯಾಚ್ ಇದ್ದಿಲು ಮಾಡಲಿ, ಮುಂದಿನ ಬ್ಯಾಚ್ ಅದೇ ಇದ್ದಿಲನ್ನು ತೊಳೆದು ನೋಡಲಿ. ಪ್ರತಿ ವರ್ಷ ಹೊಸದಾಗಿ ಅದೇ ನೀಲಿ ಬಣ್ಣ ತೆಗೆಯೋದಕ್ಕಿಂತ ಇದು ಮೇಲಲ್ವಾ? ನಾವು ಲ್ಯಾಬಿನ ಸಿಂಕಿಗೆ ಸುರಿದದ್ದೂ ಕೊನೆಗೆ ಯಾರದೋ ಊರಿನ ನೀರಿಗೇ ಸೇರೋದು.