ಪದಕದ ಮೇಲೆ ಯಾರ ಮುಖ?

1840ರಲ್ಲಿ ಜರ್ಮನಿಯ ಹಲವು ನಗರಗಳು ಮುದ್ರಣ ಕಲೆಗೆ 400 ವರ್ಷ ತುಂಬಿತೆಂದು ಹಬ್ಬ ಮಾಡಿ ಸ್ಮಾರಕ ಪದಕಗಳನ್ನು ಹೊರಡಿಸಿದವು. ಪದಕದ ಮೇಲೆ ಗುಟೆನ್‌ಬರ್ಗ್‌ನ ಗಡ್ಡದ ಮುಖ. ತಮಾಷೆ ಏನೆಂದರೆ, ಆತ ಬದುಕಿದ್ದಾಗ ಬರೆದ ಚಿತ್ರ ಒಂದೂ ಇಲ್ಲ. ಆ ಮುಖ ಆಮೇಲಿನ ಕಲಾವಿದರ ಕಲ್ಪನೆ!

ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಹಿಡಿಸಿದ್ದು ಆತನ ಸಾಲದ ಲೆಕ್ಕ. ಯೋಹಾನ್ ಫುಸ್ಟ್ ಎಂಬ ಸಾಹುಕಾರ 800 ಗಿಲ್ಡರ್‌ಗಳಂತೆ ಎರಡು ಸಲ ಹಣ ಕೊಟ್ಟಿದ್ದ. 1455ರಲ್ಲಿ ಬಡ್ಡಿ ಸಮೇತ ವಾಪಸ್ ಕೇಳಿ ಮೊಕದ್ದಮೆ ಹೂಡಿದ. ಬೈಬಲ್ ಅಚ್ಚು ಮಾಡಿದವನ ಅಚ್ಚುಕೂಟ ಫುಸ್ಟ್ ಪಾಲಾಯಿತು. ಪದಕದಲ್ಲಿ ಈ ಸಂಗತಿ ಕಾಣುವುದಿಲ್ಲ. ಮೊಳೆ ಜೋಡಿಸಿದ ಕೆಲಸಗಾರರಂತೂ ಇಲ್ಲವೇ ಇಲ್ಲ.

ನಮ್ಮಲ್ಲೂ ಹಾಗೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಟಿತು. ಅದಕ್ಕೇ ಆ ದಿನ ಪತ್ರಿಕಾ ದಿನಾಚರಣೆ. ಸಂಪಾದಕ ಹರ್ಮನ್ ಮೋಗ್ಲಿಂಗ್ ಅವರ ಹೆಸರು ಎಲ್ಲ ಭಾಷಣಗಳಲ್ಲೂ ಬರುತ್ತದೆ, ಬರಲೇಬೇಕು. ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಮರುವರ್ಷ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ನಮ್ಮ ಪಕ್ಕದ ಬಳ್ಳಾರಿಗೇ ಬಂತು. ಉರ್ದುವಿಗೂ ಕಲ್ಲಚ್ಚೇ ಆಸರೆಯಾಗಿತ್ತು. ಕಾತಿಬರು ಕೈಯಲ್ಲಿ ಬರೆದ ನಸ್ತಾಲೀಖ್ ಅಕ್ಷರ ಹಾಗೆಯೇ ಕಾಗದಕ್ಕಿಳಿಯುತ್ತಿತ್ತು. ಆ ಕಾತಿಬರಿಗೆ ಯಾವ ಪದಕ?

ನಮ್ಮ ನಾನಾ ಗಂಗಾವತಿಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು. ಶಾಲೆಯಲ್ಲಿ ಓದಿದ್ದು ಉರ್ದು, ಅದೂ ನಾಲ್ಕನೇ ತರಗತಿವರೆಗೆ. ಕನ್ನಡ ಕಲಿತಿದ್ದು ಸೀಸದ ಮೊಳೆಗಳಿಂದ, ಉಲ್ಟಾ ಅಕ್ಷರಗಳಲ್ಲಿ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಮತ್ತು ಉರುಸಿನ ಕರಪತ್ರ ಎಲ್ಲ ಅವರ ಕೈಯಿಂದಲೇ. ಈಗಲೂ ಪೇಪರ್ ಓದುವಾಗ ಒತ್ತು ತಪ್ಪಿದ್ದರೆ ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಕಂಪ್ಯೂಟರ್ ಬಂದ ಮೇಲೆ ಮೊಳೆಗಳನ್ನೆಲ್ಲ ಗುಜರಿಗೆ ಕೆಜಿ ಲೆಕ್ಕದಲ್ಲಿ ಮಾರಿದರಂತೆ. ನಾನಾಗೆ ಆ ತಿಂಗಳ ಪಗಾರ ಬಂತು, ಮುಂದಿನ ತಿಂಗಳದು ಬರಲಿಲ್ಲ.

ಪದಕ ಬೇಡ ಎನ್ನುತ್ತಿಲ್ಲ. ಕೊಡುವುದಾದರೆ ಒಂದು ಬದಿಯಲ್ಲಿ ಕಾತಿಬರ ಕಲಮು, ಇನ್ನೊಂದು ಬದಿಯಲ್ಲಿ ಮೊಳೆ ಹಿಡಿದ ಕೈ ಇರಲಿ. ಅಲ್ಲಿಯವರೆಗೆ ನನ್ನ ಸಣ್ಣ ಬೇಡಿಕೆ: ಬರುವ ಜುಲೈ 1ಕ್ಕೆ ಹಳೆಯ ಕಂಪೋಸಿಟರ್‌ಗಳನ್ನು ಕಾಲೇಜಿಗೆ ಕರೆಯೋಣ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಿಂದ ಬರುವ ಗೆಳೆಯರು ತಮ್ಮೂರಿನ ಪ್ರೆಸ್ಸುಗಳಲ್ಲಿ ವಿಚಾರಿಸಿ, ಉಳಿದ ಮೊಳೆಗಳನ್ನು ತರಲಿ. ಲೈಬ್ರರಿಯಲ್ಲಿ ಒಂದು ಗಾಜಿನ ಕಪಾಟು ಸಾಕು.

ನಾನಾ ಹತ್ತಿರ ಒಂದೇ ಒಂದು ಮೊಳೆ ಉಳಿದಿದೆ, ‘ಗ’. ಕಾಲೇಜಿಗೆ ಕೊಡುತ್ತೀರಾ ಎಂದು ಕೇಳಿದೆ. ಕೊಡುತ್ತಾರಂತೆ, ಆದರೆ ರಸೀದಿ ಬೇಕಂತೆ.