ಎದೆಯೊಳಗೆ ಗೋಡೆ ಇಲ್ಲ ಸ್ವಾಮಿ!

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಇದನ್ನು ಓದಿ ಯಾರೂ ಮಾತ್ರೆ ಬದಲಿಸಬೇಡಿ. ಆದರೆ ದಮ್ಮಿನ ಕಾಯಿಲೆಯವರ ಹೃದಯವನ್ನು ನಾವು ಮರೆತೇಬಿಟ್ಟಿದ್ದೇವೆ ಅನ್ನೋದು ನನ್ನ ದೂರು.

ಸಿಒಪಿಡಿ ಅಂದರೆ ಶ್ವಾಸನಾಳಗಳು ವರ್ಷಗಟ್ಟಲೆ ಕಿರಿದಾಗುತ್ತಾ ಹೋಗುವ ಕಾಯಿಲೆ. ಇಂಥವರು ಉಸಿರು ಸಿಗದೇ ಸಾಯುತ್ತಾರೆ ಅಂತ ನಮ್ಮ ಲೆಕ್ಕ. 2007ರಲ್ಲಿ ಪ್ರಕಟವಾದ ‘ಟಾರ್ಚ್’ ಅಧ್ಯಯನದಲ್ಲಿ ಸುಮಾರು 6,100 ರೋಗಿಗಳನ್ನು ಮೂರು ವರ್ಷ ಗಮನಿಸಿದರು. ಸತ್ತವರಲ್ಲಿ ಶೇ. 35ರಷ್ಟು ಮಂದಿ ಶ್ವಾಸಕೋಶದ ಕಾರಣದಿಂದ ಹೋದರೆ, ಹೃದಯ-ರಕ್ತನಾಳದ ಕಾರಣದಿಂದ ಹೋದವರು ಶೇ. 27ರಷ್ಟು! ಬೀಡಿ ಸಿಗರೇಟು ಎರಡನ್ನೂ ಹಾಳು ಮಾಡುತ್ತೆ, ನಿಜ. ಆದರೆ ಉರಿಯೂತ, ಆಮ್ಲಜನಕದ ಕೊರತೆಗಳೂ ಹೃದಯದ ಮೇಲೆ ಹೊರೆ ಹಾಕುತ್ತವೆ. ದಮ್ಮು ಜೋರಾದ ಮೇಲಿನ ಕೆಲವು ವಾರ ಹೃದಯಾಘಾತದ ಅಪಾಯವೂ ಏರುತ್ತದೆ. ಬೀಡಿ ಮುಟ್ಟದೆ, ಸೌದೆ ಒಲೆ ಊದುತ್ತಲೇ ಬದುಕು ಸವೆಸಿದ ನಮ್ಮ ಅಜ್ಜಿಯರಿಗೂ ಸಿಒಪಿಡಿ ಬರುತ್ತೆ.

ನಮ್ಮ ದೊಡ್ಡಪ್ಪನಿಗೆ ಎರಡೂ ಇದೆ. ಹೃದಯದ ಫೈಲು ಎರಡನೇ ಮಹಡಿ, ಶ್ವಾಸಕೋಶದ ಫೈಲು ನಾಲ್ಕನೇ ಮಹಡಿ. ಒಬ್ಬರದ್ದನ್ನು ಇನ್ನೊಬ್ಬರು ತೆರೆಯೋದಿಲ್ಲ. (ನಮ್ಮ ಆಫೀಸಲ್ಲೂ ಎರಡು ಟೀಮುಗಳ ನಡುವೆಯೇ ಬಗ್ ಹುಟ್ಟೋದು ಬಿಡಿ...)

ನನಗೆ ಸಿಟ್ಟು ಬರೋದು ಬೀಟಾ ಬ್ಲಾಕರ್ ವಿಷಯಕ್ಕೆ. ಶ್ವಾಸನಾಳ ಬಿಗಿಯುತ್ತೆ ಅನ್ನೋ ಭಯದಿಂದ, ಹೃದಯಾಘಾತವಾದ ದಮ್ಮಿನವರಿಗೂ ಈ ಮಾತ್ರೆ ಕೊಡೋಕೆ ದಶಕಗಟ್ಟಲೆ ಹಿಂಜರಿದರು. 1998ರಲ್ಲೇ ಅಮೆರಿಕದಲ್ಲಿ ಹೃದಯಾಘಾತವಾದ ಎರಡು ಲಕ್ಷ ಜನರ ದಾಖಲೆ ತೆಗೆದು ನೋಡಿದಾಗ, ಸಿಒಪಿಡಿ ಇದ್ದೂ ಇದನ್ನು ಪಡೆದವರಲ್ಲಿ ಸಾವು ಶೇ. 40ರಷ್ಟು ಕಡಿಮೆ ಇತ್ತು. ಗಟ್ಟಿಮುಟ್ಟಾಗಿದ್ದವರಿಗೇ ಮಾತ್ರೆ ಸಿಕ್ಕಿರಬಹುದು, ಒಪ್ಪಿದೆ. ಆದರೂ ಮುಖ್ಯವಾಗಿ ಹೃದಯದ ಮೇಲೆ ಕೆಲಸ ಮಾಡುವ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ಗಳು ಇರುವಾಗಲೂ ಅದೇ ಭಯ ಯಾಕೆ? ಹಾಗಂತ ಎಲ್ಲರಿಗೂ ಕೊಡಿ ಅಂತಲ್ಲ. ಹೃದಯಕ್ಕೆ ಅದರ ಅಗತ್ಯವೇ ಇಲ್ಲದ ಸಿಒಪಿಡಿ ರೋಗಿಗಳಿಗೆ ಮೆಟೊಪ್ರೊಲಾಲ್ ಕೊಟ್ಟು ನೋಡಿದ ಪ್ರಯೋಗದಲ್ಲಿ (ಫಲಿತಾಂಶ ಬಂದಿದ್ದು 2019ರಲ್ಲಿ) ಲಾಭವಾಗಲಿಲ್ಲ, ಆಸ್ಪತ್ರೆ ಸೇರುವಷ್ಟು ದಮ್ಮು ಕೆರಳಿದ್ದು ಹೆಚ್ಚಾಯಿತು. ಬೇಕಾದವರಿಗೆ ತಪ್ಪಿಸಬೇಡಿ ಅನ್ನೋದಷ್ಟೇ ನನ್ನ ವಾದ.

ಮೆಟ್ಟಿಲು ಹತ್ತಿದಾಗ ಬರುವ ಏದುಸಿರು ಹೃದಯದ್ದೋ ಶ್ವಾಸಕೋಶದ್ದೋ ಅಂತ ಮೇಲುನೋಟಕ್ಕೆ ಗೊತ್ತಾಗಲ್ಲ. ಮನೇಲಿ ಹೃದ್ರೋಗಿ ಇದ್ದು, ಹೊಗೆಯ ಸಹವಾಸವೂ ಇದ್ದರೆ ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಿಸಬೇಕೇ ಅಂತ ಕೇಳಿ. ದಮ್ಮಿನವರಿದ್ದರೆ ಇಸಿಜಿ, ಎಕೋ ಬಗ್ಗೆ ಕೇಳಿ. ಎರಡೂ ಫೈಲನ್ನು ಒಟ್ಟಿಗೇ ಮೇಜಿನ ಮೇಲಿಡಿ, ಡಾಕ್ಟರು ಗೊಣಗಿದರೂ ಪರವಾಗಿಲ್ಲ.